ಎರಡಾಣೆಯ ಲೆಕ್ಕ: ಡಾ. ಟಿ.ಎಂ.ಎ. ಪೈ

ಡಾ. ತೋನ್ಸೆ ಮಾಧವ ಅನಂತ ಪೈಯವರ ಜೀವನಚರಿತ್ರೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಅವರು ಕಟ್ಟಿಸಿದ ಸೌಧಗಳಿಗಿಂತ ಲೆಕ್ಕದ ಪುಸ್ತಕಗಳತ್ತಲೇ ಹರಿಯುತ್ತದೆ. 1898ರಲ್ಲಿ ಕಲ್ಯಾಣಪುರದಲ್ಲಿ ಹುಟ್ಟಿ ವೈದ್ಯರಾದ ಅವರು, ನೇಕಾರರ ಸಂಕಷ್ಟವನ್ನು ಕಂಡು, ಅಣ್ಣ ಉಪೇಂದ್ರ ಪೈ ಹಾಗೂ ವಾಮನ ಕುಡ್ವರೊಡಗೂಡಿ 1925ರಲ್ಲಿ ಉಡುಪಿಯಲ್ಲಿ ಬ್ಯಾಂಕೊಂದನ್ನು ಸ್ಥಾಪಿಸಿದರು. 1928ರ ಪಿಗ್ಮಿ ಯೋಜನೆಯು ಮನೆಬಾಗಿಲಿಗೇ ಹೋಗಿ ದಿನಕ್ಕೆರಡಾಣೆಯನ್ನು ಕೂಡಿಸಿತು. ಮುಂದೆ 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜೂ 1960ರಲ್ಲಿ ಕಾರ್ಕಳದಲ್ಲಿ ಭುವನೇಂದ್ರ ಕಾಲೇಜೂ ತಲೆಯೆತ್ತಿದವು.

ಜನ ಬೆಳೆದಂತೆ ಲೆಕ್ಕಕ್ಕೊಂದು ತೊಡಕೂ ಬೆಳೆಯುತ್ತದೆ. ಒಬ್ಬರಿಗೆ ಹಲವು ಖಾತೆಗಳು. ಒಂದು ಜಂಟಿ ಖಾತೆಗೆ ಹಲವರು ಒಡೆಯರು. ಕಾಪುವಿನ ತಾಯಿ ಮಗಳು ಒಂದು ಜಂಟಿ ಖಾತೆ ತೆರೆದರೆನ್ನೋಣ. ಒಬ್ಬಳ ಹೆಸರಿಗೇ ಬರೆದರೆ ಇನ್ನೊಬ್ಬಳ ಹಕ್ಕು ಅಳಿಯುತ್ತದೆ. ಇಬ್ಬರ ಹಾಳೆಯಲ್ಲೂ ಮೊತ್ತ ಬರೆದರೆ ಹಣ ಇಮ್ಮಡಿಯಾಗಿ ತೋರುತ್ತದೆ. 1970ರಲ್ಲಿ ಎಡ್ಗರ್ ಕಾಡ್ ಮಂಡಿಸಿದ ಮಾದರಿಯನ್ನನುಸರಿಸುವ ಗಣಕದ ದತ್ತಸಂಚಯದಲ್ಲಿ ಇದಕ್ಕೆ ಪರಿಹಾರವುಂಟು: ಜನರಿಗೊಂದು ಪಟ್ಟಿ, ಖಾತೆಗಳಿಗೊಂದು ಪಟ್ಟಿ, ಅವುಗಳ ಸಂಬಂಧಕ್ಕೇ ಮೂರನೆಯದೊಂದು ಪಟ್ಟಿ. ಅದರ ಪ್ರತಿ ಸಾಲಿನಲ್ಲೂ ಒಬ್ಬ ವ್ಯಕ್ತಿ, ಒಂದು ಖಾತೆ. ಕಾಲೇಜಿನ ವಿದ್ಯಾರ್ಥಿಗೂ ವಿಷಯಕ್ಕೂ ಇದೇ ನ್ಯಾಯ. ಅಂಕವು ಅವೆರಡರ ಜೋಡಿಗೆ ಸೇರಿದುದು.

ಪೈಯವರು 1979ರಲ್ಲಿ ತೀರಿಕೊಂಡರು. ಅವರ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಂಸ್ಥೆಯ ಹೆಸರು ಅಳಿದರೂ ಎರಡಾಣೆ ಕೂಡಿಟ್ಟವಳ ಹಕ್ಕು ಅಳಿಯಬಾರದು. ಅದನ್ನು ಕಾಯುವುದು ಆ ಮೂರನೆಯ ಪಟ್ಟಿಯ ಒಂದು ಸಾಲು.