ಇಂದಿನ ಚಿಂತನೆ: ಜನರ ಮಾತಿನಲ್ಲಿ ಬೋಧಿಸಿದ ಎಕಾರ್ಟ್



ನಮ್ಮ ಮಾರಿಕುಪ್ಪಂ ಲೈನುಗಳಲ್ಲಿ ಚರ್ಚಿಗೆ ಹೋಗುವವರೂ ವಿಹಾರಕ್ಕೆ ಬರುವವರೂ ಒಂದೇ ಕೊಳಾಯಿಯಲ್ಲಿ ನೀರು ಹಿಡಿದವರು. ಹಾಗಾಗಿ ಇಂದು ಒಬ್ಬ ಕ್ರೈಸ್ತ ಅನುಭಾವಿಯ ಬಗ್ಗೆ ಬರೆಯುತ್ತಿದ್ದೇನೆ.

ಮೈಸ್ಟರ್ ಎಕಾರ್ಟ್ ಸುಮಾರು 1260ರಲ್ಲಿ ಜರ್ಮನಿಯ ತುರಿಂಗಿಯಾದಲ್ಲಿ ಹುಟ್ಟಿದರು. ಮೈಸ್ಟರ್ ಎಂಬುದು ನಮ್ಮ ಮೇಷ್ಟ್ರು ಎಂಬ ಮಾತಿನ ದೂರದ ನೆಂಟ. ಡೊಮಿನಿಕನ್ ಸಂನ್ಯಾಸಿ, ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಎರಡು ಬಾರಿ ಪೀಠ ಅಲಂಕರಿಸಿದ ಪಂಡಿತ. ಆ ಕಾಲದ ಪಾಂಡಿತ್ಯವೆಲ್ಲ ಲ್ಯಾಟಿನ್‌ನಲ್ಲಿ. ಇವರೂ ಲ್ಯಾಟಿನ್‌ನಲ್ಲಿ ಬರೆದರು. ಆದರೆ ಸ್ಟ್ರಾಸ್‌ಬರ್ಗ್, ಕಲೋನ್ ನಗರಗಳಲ್ಲಿ ಸಂನ್ಯಾಸಿನಿಯರಿಗೂ ಸಾಮಾನ್ಯ ಜನರಿಗೂ ಅವರಾಡುವ ಜರ್ಮನ್‌ನಲ್ಲೇ ಬೋಧಿಸಿದರು.

ಏನು ಹೇಳಿದರು? ಅಂಟಿಕೊಂಡದ್ದನ್ನು ಬಿಡಬೇಕು: ಆಸ್ತಿ, ಹೆಸರು, ಪುಣ್ಯದ ಲೆಕ್ಕ, ಕೊನೆಗೆ ಮನಸ್ಸು ಕಟ್ಟಿಕೊಂಡ ದೇವರ ಕಲ್ಪನೆಯನ್ನೂ. ಹಾಲಿಗಾಗಿ ಹಸುವನ್ನು ಪ್ರೀತಿಸುವಂತೆ ಲಾಭಕ್ಕಾಗಿ ದೇವರನ್ನು ಪ್ರೀತಿಸುವವರನ್ನು ಚುಚ್ಚಿದರು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಮಾತು. ಧ್ಯಾನದ ತುತ್ತತುದಿಯಲ್ಲಿ ಇದ್ದಾಗಲೂ ಒಬ್ಬ ರೋಗಿಗೆ ಸೂಪು ಬೇಕಾದರೆ, ಎದ್ದು ಹೋಗಿ ಕೊಡುವುದೇ ಮೇಲು ಎಂದರು. ಭೇದಿಯಿಂದ ಬಿದ್ದಿದ್ದ ಭಿಕ್ಷುವನ್ನು ಭಗವಾನರು ಆನಂದನ ಜೊತೆ ಸ್ವತಃ ತೊಳೆದು ಮಲಗಿಸಿದ ಪ್ರಸಂಗ ನಿಮಗೆ ನೆನಪಾಗಿರಬೇಕು.

1326ರಲ್ಲಿ ಕಲೋನ್‌ನ ಆರ್ಚ್‌ಬಿಷಪ್ ವಿಚಾರಣೆ ಹೂಡಿದರು. ಪೋಪರು ಆಗ ಇದ್ದದ್ದು ಫ್ರಾನ್ಸಿನ ಅವಿನ್ಯೋನ್‌ನಲ್ಲಿ. ಎಕಾರ್ಟ್ ಅಲ್ಲಿಗೆ ಹೋಗಿ ವಾದಿಸಿದರು, ತೀರ್ಪು ಬರುವ ಮೊದಲೇ ತೀರಿಕೊಂಡರು. 1329ರ ಮಾರ್ಚ್‌ನಲ್ಲಿ ಅವರ ಹೆಸರಿನ 28 ಹೇಳಿಕೆಗಳನ್ನು ಖಂಡಿಸಿ ಆದೇಶ ಬಂತು. ಇಂಥದ್ದನ್ನೆಲ್ಲ ಪಾಮರರ ಮುಂದೆ ಹೇಳಿದರೆಂಬುದೂ ಅದರಲ್ಲಿದ್ದ ದೂರು!

ಈ ದೂರು ನಮಗೆ ಹೊಸದಲ್ಲ. ಬುದ್ಧವಚನವನ್ನು ಛಂದಸ್ಸಿಗೆ ಏರಿಸೋಣವೆಂದ ಬ್ರಾಹ್ಮಣ ಕುಲದ ಭಿಕ್ಷುಗಳನ್ನು ಭಗವಾನರು ತಡೆದರು. ಪಂಡಿತ ಅಯೋತ್ತಿದಾಸರು 1907ರಲ್ಲಿ ಪತ್ರಿಕೆ ತೆಗೆದದ್ದು ಜನರ ತಮಿಳಿನಲ್ಲಿ, ಒಂದು ಪೈಸೆಗೆ. ಜ್ಞಾನ ಯಾರ ಕಿವಿಗೆ ಬೀಳಬಾರದು ಎಂದು ಗೆರೆ ಎಳೆಯುವವರು ಎಲ್ಲ ದೇಶದಲ್ಲೂ ಇದ್ದರು.

ಹಾಗೆಂದು ಎಕಾರ್ಟ್ ನಮ್ಮವರೆಂದು ಹೇಳಲಾರೆ. ಅವರಲ್ಲಿ ದೇವರೂ ಉಂಟು, ಆತ್ಮವೂ ಉಂಟು. ಬಾಬಾಸಾಹೇಬರು ತೋರಿದ ಧಮ್ಮಕ್ಕೆ ಎರಡೂ ಬೇಕಿಲ್ಲ. ಒಡೆಯ-ಆಳು ಎಂಬ ಏಣಿಯನ್ನು ಅವರು ಅಲುಗಿಸಿದ್ದೂ ನನಗೆ ಕಾಣಲಿಲ್ಲ.

ಅವರ ಸಮಾಧಿ ಎಲ್ಲಿದೆಯೋ ತಿಳಿಯದು. ಜರ್ಮನ್ ಬೋಧನೆಗಳು ಮಾತ್ರ ಎಷ್ಟೋ ಕಡೆ ಹೆಸರಿಲ್ಲದೆಯೇ ಕೈಯಿಂದ ಕೈಗೆ ನಕಲಾಗುತ್ತ ಉಳಿದವು.

ಜೈ ಭೀಮ್.