ದೇವರಾಜ ಅರಸು ಮತ್ತು ನನ್ನ ಸೀಟು

ನಮ್ಮ ಪ್ರೌಢಶಾಲೆಗೆ ಐವತ್ತು ತುಂಬಿದೆ. ಶಾಲೆ ಆರಂಭವಾದಾಗ ನಾಡಿನ ಮುಖ್ಯಮಂತ್ರಿಯಾಗಿದ್ದವರು ಡಿ. ದೇವರಾಜ ಅರಸು. ನನಗೆ ಪಾಠ ಹೇಳಿದ ಗುರುಗಳ ಜೊತೆಗೆ ಅವರನ್ನೂ ಇಲ್ಲಿ ನೆನೆಯಬೇಕು.

ಅರಸು ಹುಟ್ಟಿದ್ದು 1915ರಲ್ಲಿ. ಊರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರೂ ಊರಿಗೆ ಮರಳಿ ಬೇಸಾಯಕ್ಕೆ ನಿಂತರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ, 1952ರಲ್ಲಿ ವಿಧಾನಸಭೆಗೆ ಆಯ್ಕೆಯಾದರು. ಅವರ ಸಮುದಾಯ ಸಂಖ್ಯೆಯಲ್ಲಿ ಬಹಳ ಚಿಕ್ಕದು. ಆದರೂ 1972ರಲ್ಲಿ ಮುಖ್ಯಮಂತ್ರಿಯಾದರು.

ಅದಕ್ಕೂ ಹತ್ತು ವರ್ಷ ಹಿಂದೆ, ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಶೇ. 68ರಷ್ಟು ಸೀಟು ಮೀಸಲಿಟ್ಟಿದ್ದ ಮೈಸೂರು ಸರ್ಕಾರದ ಆದೇಶವನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತ್ತು. ಯಾರು ಹಿಂದುಳಿದವರು ಎಂಬುದನ್ನು ಜಾತಿಯೊಂದನ್ನೇ ನೋಡಿ ಹೇಳಲಾಗದು ಎಂಬುದು ತೀರ್ಪಿನ ಸಾರ. ಹಾಗಾಗಿ ಅರಸು ವಕೀಲ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿದರು. ಆಯೋಗ ಸಮೀಕ್ಷೆ ನಡೆಸಿತು. ಯಾವ ಸಮುದಾಯದ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೆ ಎಂದು ಲೆಕ್ಕ ಹಾಕಿತು. 1975ರಲ್ಲಿ ವರದಿ ಬಂತು. ಪಟ್ಟಿಯಿಂದ ಹೊರಗುಳಿದವರ ವಿರೋಧ ಜೋರಾಗಿತ್ತು. ಆದರೂ ಅರಸು 1977ರಲ್ಲಿ ಆದೇಶ ಹೊರಡಿಸಿದರು. 1980ರಲ್ಲಿ ಅಧಿಕಾರ ಹೋಯಿತು, 1982ರಲ್ಲಿ ತೀರಿಕೊಂಡರು.

ಬಸ್ ಸ್ಟ್ಯಾಂಡ್ ಎದುರಿನ ನಮ್ಮಪ್ಪನ ಕ್ಷೌರದಂಗಡಿ ಊರಿನವರಿಗೆಲ್ಲ ಗೊತ್ತು. ಸಿಇಟಿಯಲ್ಲಿ ನನಗೆ ಬಂದ ರ‍್ಯಾಂಕಿಗೆ ಸಾಮಾನ್ಯ ವರ್ಗದಲ್ಲಿ ಆ ಕಾಲೇಜು ಸಿಗುತ್ತಿರಲಿಲ್ಲ. 2ಎ ಪ್ರಮಾಣಪತ್ರದಿಂದ ಸಿಕ್ಕಿತು. ಕೆಲಸಕ್ಕೆ ಸೇರಿದ ಮೇಲೂ ಬಹಳ ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಕೋಟಾದವನು ಎಂದಾರೆಂಬ ಸಂಕೋಚ. ಹಾವನೂರು ಆಯೋಗದ ಬಗ್ಗೆ ಓದಿದ ಮೇಲೆ ಆ ಸಂಕೋಚ ಹೋಯಿತು. ನನಗೆ ಸಿಕ್ಕಿದ್ದು ಭಿಕ್ಷೆಯಲ್ಲ, ಲೆಕ್ಕ ಹಾಕಿ ಕೊಟ್ಟ ಪಾಲು.

ಆದರೆ ಆ ಲೆಕ್ಕ ನನಗೂ ಅನ್ವಯಿಸುತ್ತದೆ. ಮಗಳು ಈಗ ಬೆಂಗಳೂರಿನ ಒಳ್ಳೆಯ ಶಾಲೆಯಲ್ಲಿ ಓದುತ್ತಿದ್ದಾಳೆ. ನನ್ನ ಸಂಬಳ ಕೆನೆಪದರದ ಮಿತಿ ದಾಟಿದೆ. ಮುಂದೆ ಆದಾಯ ಕಡಿಮೆ ತೋರಿಸಿ ಪ್ರಮಾಣಪತ್ರ ಮಾಡಿಸಿದರಾಯಿತು ಎಂದು ನೆಂಟರು ಈಗಲೇ ಸಲಹೆ ಕೊಡುತ್ತಾರೆ. ನಾನು ಒಪ್ಪಿಲ್ಲ. ಅಪ್ಪನಿಗೆ ಸಿಕ್ಕ ಸೀಟು ಮಗಳಿಗೆ ಪಿತ್ರಾರ್ಜಿತ ಆಸ್ತಿಯಾಗಬಾರದು. ಅದು ಇವತ್ತು ನಮ್ಮ ಶಾಲೆಯ ಬೆಂಚಿನ ಮೇಲೆ ಕೂತಿರುವ ಯಾವುದೋ ಮಗುವಿನದು. ಆ ಮಗು ಸಿಇಟಿ ಬರೆಯುವಾಗ ಪುಸ್ತಕಕ್ಕೋ ಮಾರ್ಗದರ್ಶನಕ್ಕೋ ನನ್ನನ್ನು ಕೇಳಿದರೆ ಸಂತೋಷದಿಂದ ನೆರವಾಗುತ್ತೇನೆ.