ಆ ಜನವೇ ಹಾಗೆ ಎನ್ನುವುದು ನಿಜವೇ? ಎಂ. ಎನ್. ಶ್ರೀನಿವಾಸ್ ಕಂಡದ್ದೇನು

ಹನುಮಂತನಗರದಲ್ಲಿ ಬಾಡಿಗೆ ಮನೆ ಹುಡುಕುವಾಗ ಅಡ್ವಾನ್ಸ್ ಎಷ್ಟು ಎಂಬ ಮಾತಿಗೂ ಮೊದಲೇ ನೀವು ಯಾವ ಜನ, ಮನೆಯಲ್ಲಿ ಮಾಂಸ ಮಾಡುತ್ತೀರಾ ಎಂಬ ಪ್ರಶ್ನೆ ಬರುವುದುಂಟು. ಇಂಥವರು ಜಗಳಗಂಟರು, ಇಂಥವರು ಜಿಪುಣರು, ಇಂಥವರು ಸಾಧುಗಳು, ಅದೆಲ್ಲ ರಕ್ತದಲ್ಲೇ ಬಂದದ್ದು ಎಂಬ ನಂಬಿಕೆ ಆ ಪ್ರಶ್ನೆಯ ಹಿಂದಿದೆ. ಎಷ್ಟೋ ಮಂದಿಗೆ ಮನೆ ಸಿಗದಿರುವುದಕ್ಕೆ ಈ ನಂಬಿಕೆಯೇ ಕಾರಣ. ಹಾಗಾಗಿ ಇದನ್ನು ಹತ್ತಿರದಿಂದ ಪರೀಕ್ಷಿಸಿದ ನಮ್ಮವರೇ ಒಬ್ಬರ ಬದುಕನ್ನು ನೋಡೋಣ. ಅವರು ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ತೀರಿಕೊಂಡ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ (1916–1999).

ಅವರದು ಅಯ್ಯಂಗಾರ್ ಮನೆತನ. ಮಕ್ಕಳ ಓದಿಗಾಗಿ ತಂದೆ ಅರಕೆರೆ ಹಳ್ಳಿಯಿಂದ ಮೈಸೂರಿಗೆ ಬಂದು ಕಾಲೇಜು ರಸ್ತೆಯಲ್ಲಿ ನೆಲೆಸಿದ್ದರು. ಮನೆಯ ಹಿಂದೆ ಕೂಗಳತೆಯಲ್ಲಿ ಬಂಡಿಕೇರಿ ಇತ್ತು, ಹಳ್ಳಿಗಳಿಂದ ಬಂದ ಕುರುಬರ ಕೇರಿ. ಹುಡುಗ ಶ್ರೀನಿವಾಸನಿಗೆ ಅಲ್ಲಿನ ಮನೆ, ಊಟ, ಮಾತಿನ ಧಾಟಿ, ಜಗಳದ ರೀತಿ ಎಲ್ಲವೂ ಹೊಸದು. ವಿದೇಶಿ ಮಾನವಶಾಸ್ತ್ರಜ್ಞರು ದೂರದ ದ್ವೀಪಗಳಿಗೆ ಹೋಗಿ ಕಂಡ ಬೇರೆ ಲೋಕವನ್ನು ತಾವು ಹಿತ್ತಲಾಚೆಯೇ ಕಂಡದ್ದಾಗಿ ಅವರು ಮುಂದೆ ನೆನಪಿಸಿಕೊಂಡರು. ಒಂದೇ ಊರು, ಒಂದೇ ನೀರು. ಆದರೂ ನಡೆನುಡಿ ಬೇರೆ ಬೇರೆ.

ಮೈಸೂರಿನಲ್ಲಿ ಪದವಿ ಮುಗಿಸಿ ಮುಂಬೈಗೆ ಹೋಗಿ ಜಿ. ಎಸ್. ಘುರ್ಯೆ ಅವರ ಶಿಷ್ಯರಾದರು. ಮೈಸೂರು ಸೀಮೆಯ ಮದುವೆ, ಕುಟುಂಬಗಳ ಕುರಿತ ಪುಸ್ತಕ 1942ರಲ್ಲಿ ಬಂತು. ಆಮೇಲೆ ಆಕ್ಸ್‌ಫರ್ಡ್. ಕೊಡಗಿನವರ ಧರ್ಮ ಮತ್ತು ಸಮಾಜದ ಬಗ್ಗೆ ಅಲ್ಲಿ ಬರೆದದ್ದು 1952ರಲ್ಲಿ ಪುಸ್ತಕವಾಯಿತು. ಸಂಸ್ಕೃತೀಕರಣ ಎಂಬ ಮಾತು ಹೆಸರಾದದ್ದು ಇದರಿಂದಲೇ. ಕೆಳಗಿನವೆನಿಸಿಕೊಂಡ ಎಷ್ಟೋ ಜಾತಿಗಳು ಒಂದೆರಡು ತಲೆಮಾರಿನಲ್ಲಿ ಮಾಂಸ, ಹೆಂಡ ಬಿಟ್ಟು, ಮೇಲಿನವರ ಪೂಜೆ, ಆಚಾರಗಳನ್ನು ಹಿಡಿದು ಮೇಲಿನ ಸ್ಥಾನ ಕೇಳುತ್ತಿದ್ದವು. ಅದೇ ಹೊತ್ತಿಗೆ ಮೈಸೂರಿನ ಬ್ರಾಹ್ಮಣರು ಜುಟ್ಟು ತೆಗೆಸಿ, ಕ್ರಾಪು ಬಿಟ್ಟು, ಇಂಗ್ಲಿಷ್ ಓದಿ ಸರ್ಕಾರಿ ಕೆಲಸಕ್ಕೆ ಸೇರುತ್ತಿದ್ದರು. ಬಾಡಿಗೆ ಮನೆಯ ಬಾಗಿಲಲ್ಲಿ ಯಾವುದನ್ನು ಹುಟ್ಟುಗುಣ ಎನ್ನುತ್ತೇವೋ, ಅದರಲ್ಲಿ ಬಹಳಷ್ಟು ಅಜ್ಜನ ಕಾಲದಲ್ಲಿ ಇರಲೇ ಇಲ್ಲ!

1948ರಲ್ಲಿ ಅವರು ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ಅಮೆರಿಕದ ರೂತ್ ಬೆನೆಡಿಕ್ಟ್ 1946ರಲ್ಲಿ ಜಪಾನೀಯರ ಸ್ವಭಾವದ ಬಗ್ಗೆ ಬರೆದ ಪ್ರಸಿದ್ಧ ಪುಸ್ತಕ ಯುದ್ಧಕಾಲದ ಕೆಲಸ, ಜಪಾನಿಗೆ ಹೋಗದೆಯೇ ಬರೆದದ್ದು. ಶ್ರೀನಿವಾಸರ ದಾರಿ ಬೇರೆ, ಜನರ ನಡುವೆ ಇದ್ದು ನೋಡುವುದು. ಅವರು ತಂಗಿದ್ದು ಪಟೇಲರ ಎತ್ತುಗಳಿದ್ದ ಮನೆಯಲ್ಲಿ. ತಮಾಷೆಯೆಂದರೆ, ಆಕ್ಸ್‌ಫರ್ಡಿನಿಂದ ಬಂದವರಿಗೆ ಬ್ರಾಹ್ಮಣ ಹೇಗಿರಬೇಕೆಂದು ಊರವರೇ ತಿದ್ದಿ ಹೇಳಬೇಕಾಯಿತು.

ಅಲ್ಲಿ ಅವರು ಗಮನಿಸಿದ್ದು ಬೇಸಾಯ, ಜಾತಿ ಮಾತ್ರವಲ್ಲ. ಮುಖ ಉಳಿಸಿಕೊಳ್ಳುವುದು, ಹೊಟ್ಟೆಕಿಚ್ಚು, ಚಾಡಿಮಾತು, ನಗೆಚಾಟಿಕೆ, ಸ್ನೇಹ, ಹಗೆ, ಇವನ್ನೂ ಬರೆದರು. ಕೊಟ್ಟದ್ದಕ್ಕೆ ತಿರುಗಿ ಕೊಡುವುದು ಅಲ್ಲಿನ ಸಂಬಂಧಗಳ ಬೆನ್ನೆಲುಬು. ನಮ್ಮ ಮುಯ್ಯಿ ಎಂಬ ಪದವನ್ನೇ ನೋಡಿ: ಮದುವೆಯ ಉಡುಗೊರೆಯೂ ಮುಯ್ಯಿ, ಹೊಲದ ಕೆಲಸಕ್ಕೆ ಪರಸ್ಪರ ಆಳಾಗುವುದೂ ಮುಯ್ಯಿ, ಸೇಡು ತೀರಿಸುವುದೂ ಮುಯ್ಯಿಯೇ. ಇಂಥ ಊರಲ್ಲಿ ಬೆಳೆಯುವ ಮಗು ಯಾವುದಕ್ಕೆ ನಾಚಬೇಕು, ಯಾವುದಕ್ಕೆ ಸಿಟ್ಟಾಗಬೇಕು ಎಂಬುದನ್ನು ಹಿರಿಯರನ್ನು ನೋಡಿಯೇ ಕಲಿಯುತ್ತದೆ.

ಹಾಗೆಂದು ಸಂಸ್ಕೃತಿ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತದೆ ಎಂದರೆ ಅದು ಇನ್ನೊಂದು ಮಿಥ್ಯೆ. ರಾಂಪುರದ ಮೂವರು ಗೌಡರಿಗೆ ಶ್ರೀನಿವಾಸ್ ಒಂದು ಇಡೀ ಅಧ್ಯಾಯ ಕೊಟ್ಟಿದ್ದಾರೆ. ಪಟೇಲರು ಅಳೆದು ತೂಗಿ ಮಾತಾಡುವವರು. ಕುಳ್ಳೇಗೌಡ ಮಾತಿನ ಮಲ್ಲ. ನಾಡಗೌಡರದು ಮತ್ತೊಂದೇ ಬಗೆ. ಊರು ಒಂದೇ ಆದರೂ ಒಬ್ಬರಂತೆ ಒಬ್ಬರಿಲ್ಲ.

ಈ ಪುಸ್ತಕ ಬಂದದ್ದೇ ಒಂದು ಅನಾಹುತದಿಂದ. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆಯಿದ್ದ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟರು. 1948ರಿಂದ ವರ್ಷಗಟ್ಟಲೆ ಕುಳಿತು ಜೋಡಿಸಿದ್ದ ಟಿಪ್ಪಣಿಗಳು, ಅವುಗಳ ಮೂರು ಪ್ರತಿಗಳೂ ಸುಟ್ಟುಹೋದವು. ಹಿರಿಯ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ನೆನಪಿನಿಂದಲೇ ಬರೆಯುವಂತೆ ಸೂಚಿಸಿದರು. ಹಾಗೆ 1976ರಲ್ಲಿ ಬಂದ ಪುಸ್ತಕದಲ್ಲಿ ಅಂಕಿಅಂಶ ಕಡಿಮೆ, ಮನುಷ್ಯರು ಹೆಚ್ಚು. ನಮಗಂತೂ ಅವರ ಪುಸ್ತಕಗಳಲ್ಲಿ ಇದೇ ಹೆಚ್ಚು ಇಷ್ಟ.

1972ರಲ್ಲಿ ದೆಹಲಿ ಬಿಟ್ಟು, ವಿ. ಕೆ. ಆರ್. ವಿ. ರಾವ್ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಗೆ ಬಂದರು. ಕೊನೆಯವರೆಗೂ ಇದೇ ಊರಲ್ಲಿದ್ದರು. ಅವರ ಮೇಲೆ ಗಟ್ಟಿಯಾದ ಒಂದು ಆಕ್ಷೇಪವಿದೆ: ರಾಂಪುರವನ್ನು ಅವರು ನೋಡಿದ್ದು ಪಟೇಲರ ಜಗಲಿಯಿಂದ, ದಲಿತರ ಕೇರಿಯಿಂದಲ್ಲ. ಇದನ್ನು ಅವರೂ ಅಲ್ಲಗಳೆಯಲಿಲ್ಲ. ಬ್ರಾಹ್ಮಣನಾಗಿ, ಪಟೇಲರ ಅತಿಥಿಯಾಗಿ ಆ ಕೇರಿಗೆ ತಮ್ಮ ಓಡಾಟ ಕಡಿಮೆಯಾಯಿತೆಂದು ಅವರೇ ಬರೆದಿದ್ದಾರೆ.